ಹತ್ತಿಯ ಬೆನ್ನು ಹತ್ತಿ

ಬಳ್ಳಾರಿಯಲ್ಲಿ ಎರಡೇ ಕಾಲ ಎಂದು ಊರವರೇ ತಮಾಷೆ ಮಾಡುತ್ತಾರೆ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ. ಎಪ್ರಿಲ್ ಬಂತೆಂದರೆ ಊರ ನಡುವಿನ ಕಲ್ಲುಗುಡ್ಡಗಳು ಒಲೆಯ ಮೇಲಿಟ್ಟ ಹಂಚಿನಂತೆ ಕಾಯುತ್ತವೆ. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕೈ ಬೆಚ್ಚಗಾಗುತ್ತದೆ. ಇಂತಹ ಊರಿನ ಬಟ್ಟೆ ಅಂಗಡಿಗಳಲ್ಲಿ ಅತಿ ಹೆಚ್ಚು ಕಿವಿಗೆ ಬೀಳುವ ಪದ ಯಾವುದು? ಅನುಮಾನವೇ ಬೇಡ, ಅದು ‘ಕಾಟನ್’.

ಉರ್ದು ಮಾತನಾಡುವ ನಮ್ಮ ಮನೆಯ ಹೆಂಗಸರು ‘ಕಾಟನ್ ಹೈ ಕ್ಯಾ’ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ತೆಲುಗಿನ ಹೆಣ್ಣುಮಗಳು ‘ಕಾಟನ್ ಉಂದಾ’ ಎನ್ನುತ್ತಾಳೆ. ಕುರುಗೋಡಿನಿಂದ ಮದುವೆ ಬಟ್ಟೆಗೆಂದು ಬಂದ ಅಜ್ಜಿ ‘ಕಾಟನ್ ತೋರ್ಸಪ್ಪ, ಪಾಲಿಸ್ಟರ್ ಬ್ಯಾಡ’ ಎನ್ನುತ್ತಾಳೆ. ಮೂರು ಭಾಷೆಯವರಿಗೂ ತಮ್ಮ ತಮ್ಮ ಪದಗಳಿವೆ. ಆದರೂ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಎಲ್ಲರ ನಾಲಗೆಯ ಮೇಲೂ ಒಂದೇ ಪದ. ಅದು ಇಂಗ್ಲಿಷ್ ಪದ, ಇಂಗ್ಲಿಷಿನಲ್ಲಿ ಹೇಳಿದರೆ ಸರಕಿಗೂ ಒಂದು ಬೆಲೆ ಎಂಬ ಭಾವನೆ.

ಆದರೆ ಆ ಪದ ಇಂಗ್ಲಿಷರ ಮನೆಯಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಅರಬಿಯಲ್ಲಿ. ಮದ್ರಸದಲ್ಲಿ ಕಲಿತವರಿಗೆ ಇದು ತಟ್ಟನೆ ಹೊಳೆಯಬೇಕು. ‘ಕುತ್‌ನ್’ ಎಂದರೆ ಅರಬಿಯಲ್ಲಿ ಹತ್ತಿ. ಗಂಟಲಿನ ಆಳದಿಂದ ಬರುವ ‘ಕಾಫ್’, ದಪ್ಪನೆಯ ‘ತಾ’, ಕೊನೆಗೊಂದು ‘ನೂನ್’. ಅದನ್ನೇ ಯುರೋಪಿನ ನಾಲಗೆಗಳು ತಿರುವಿ ತಿರುವಿ ಕಾಟನ್ ಮಾಡಿವೆ.

ಪದದ ಪಯಣ

ಹತ್ತಿ ಬೆಳೆಯದ ನಾಡು ಯುರೋಪಿನ ಉತ್ತರ ಭಾಗ. ಅಲ್ಲಿಯ ಜನ ಉಡುತ್ತಿದ್ದುದು ಕುರಿಯ ಉಣ್ಣೆ ಮತ್ತು ಅಗಸೆ ನಾರಿನ ಲಿನನ್. ಹಿಂದುಸ್ತಾನದಲ್ಲಿ ಉಣ್ಣೆ ಬಿಡುವ ಗಿಡಗಳಿವೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬರೆದಿಟ್ಟ. ಜರ್ಮನ್ ಭಾಷೆಯಲ್ಲಿ ಇಂದಿಗೂ ಹತ್ತಿಗೆ ‘ಬೌಮ್‌ವೊಲ್ಲೆ’ ಎಂಬ ಹೆಸರಿದೆ. ಅದರ ಅರ್ಥ ಮರದ ಉಣ್ಣೆ. ಕಾಣದ ವಸ್ತುವಿಗೆ ಕಂಡದ್ದರ ಹೆಸರನ್ನು ಜೋಡಿಸುವುದು ಮನುಷ್ಯನ ಸ್ವಭಾವ.

ಮುಸ್ಲಿಮರ ಆಳ್ವಿಕೆಯಿದ್ದ ಸ್ಪೇನ್ ಮತ್ತು ಸಿಸಿಲಿಗಳಿಗೆ ಹತ್ತಿಯ ಬೇಸಾಯ ಬಂತು. ಸೆವಿಲ್ಲೆ ನಗರದ ಇಬ್ನುಲ್ ಅವ್ವಾಮ್ ಎಂಬ ವಿದ್ವಾಂಸರು 12ನೇ ಶತಮಾನದಲ್ಲಿ ಬೇಸಾಯದ ಬಗ್ಗೆಯೇ ಒಂದು ದೊಡ್ಡ ಗ್ರಂಥ ರಚಿಸಿದರು. ಅದರಲ್ಲಿ ಹತ್ತಿಯ ಬೆಳೆಗೂ ಜಾಗವಿದೆ. ಅರಬಿಯ ‘ಅಲ್ ಕುತ್‌ನ್’ ಸ್ಪೇನಿನವರ ಬಾಯಲ್ಲಿ ‘ಅಲ್ಗೊದೋನ್’ ಆಯಿತು. ‘ಅಲ್’ ಎಂಬ ಪ್ರತ್ಯಯವೂ ಪದಕ್ಕೆ ಅಂಟಿಕೊಂಡೇ ಹೋಯಿತು. ಪೋರ್ಚುಗೀಸರು ‘ಅಲ್ಗೊದಾವ್’ ಎಂದರು. ಇಟಲಿಯ ವರ್ತಕರು ‘ಅಲ್’ ಕಳಚಿ ‘ಕೊತೋನೆ’ ಎಂದರು. ಫ್ರೆಂಚರು ‘ಕೊತೋಂ’ ಎಂದರು. ಅವರಿಂದ 13-14ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷರಿಗೆ ದಾಟಿತು. ಹಡಗಿನಲ್ಲಿ ಸರಕು ಹೋದ ದಾರಿಯಲ್ಲೇ ಸರಕಿನ ಹೆಸರೂ ಹೋಯಿತು.

ಹಾಗಾದರೆ ಹತ್ತಿ ಅರಬರದೇ? ಅಲ್ಲ. ಸರಕು ನಮ್ಮ ಕಡೆಯದು. ಇಂದಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ ತಾಮ್ರದ ಮಣಿಯೊಂದರ ರಂಧ್ರದಲ್ಲಿ ಏಳು ಸಾವಿರ ವರ್ಷಗಳಷ್ಟು ಹಳೆಯ ಹತ್ತಿಯ ನೂಲೆಳೆಗಳು ದೊರೆತಿವೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿದ ಹತ್ತಿ ಬಟ್ಟೆಯ ತುಣುಕು ಸಿಕ್ಕಿದೆ. ಸಂಸ್ಕೃತದ ‘ಕರ್ಪಾಸ’ ಎಂಬ ಪದವೂ ಪಶ್ಚಿಮಕ್ಕೆ ನಡೆದುಹೋಗಿ ಹೀಬ್ರೂವಿನಲ್ಲಿ ‘ಕರ್ಪಸ್’, ಗ್ರೀಕಿನಲ್ಲಿ ‘ಕಾರ್ಪಾಸೋಸ್’, ಫಾರ್ಸಿಯಲ್ಲಿ ‘ಕರ್ಬಾಸ್’ ಎಂದು ನೆಲೆಸಿತು. ನಾವು ಉರ್ದುವಿನಲ್ಲಿ ಕಪಾಸ್ ಎನ್ನುವುದೂ ಅದನ್ನೇ.

ಅರಬಿಯಲ್ಲಿ ಹತ್ತಿಗೆ ‘ಕುರ್ಸುಫ್’ ಎಂಬ ಮತ್ತೊಂದು ಪದವೂ ಇದೆ. ಹದೀಸ್ ಓದಿದವರಿಗೆ ಇದರ ಪರಿಚಯವಿರುತ್ತದೆ. ಪ್ರವಾದಿ(ಸ)ರವರನ್ನು ಯೆಮನಿನ ಸಹೂಲ್‌ನಿಂದ ಬಂದ ಮೂರು ಬಿಳಿಯ ಹತ್ತಿ ಬಟ್ಟೆಗಳಲ್ಲಿ ಕಫನ್ ಮಾಡಲಾಯಿತು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಅಲ್ಲಿ ಬಳಕೆಯಾಗಿರುವುದು ಕುರ್ಸುಫ್ ಎಂಬ ಪದ. ರೇಶ್ಮೆಯಲ್ಲ, ಕಸೂತಿಯಲ್ಲ, ಬರೀ ಬಿಳಿಯ ಹತ್ತಿ. ಹುಟ್ಟಿದ ಮಗುವಿಗೆ ಮೊದಲು ಸುತ್ತುವ ಬಟ್ಟೆಯೂ ಅದೇ, ಕೊನೆಗೆ ಹೊದಿಸುವ ಬಟ್ಟೆಯೂ ಅದೇ.

ಕೌಲ್ ಬಝಾರಿನ ಗಾದಿ

ಬಳ್ಳಾರಿಯಲ್ಲಿ ಕೌಲ್ ಬಝಾರ್ ಎಂಬ ದೊಡ್ಡ ಬಡಾವಣೆಯಿದೆ. ಆ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಿ. ಬಝಾರ್ ಫಾರ್ಸಿ. ‘ಕೌಲು’ ಅರಬಿ. ಕೌಲ್ ಎಂದರೆ ಮಾತು, ಕೊಟ್ಟ ವಚನ. ಹಳೆಯ ಕಂದಾಯ ದಾಖಲೆಗಳಲ್ಲಿ ಭೂಮಿಯ ಕರಾರಿಗೆ ಕೌಲು ಎಂದೇ ಹೆಸರು. ಮಾತೇ ಪತ್ರವಾಗಿದ್ದ, ಮಾತಿಗೆ ತಪ್ಪುವುದು ವ್ಯಾಪಾರದಲ್ಲಿ ದೊಡ್ಡ ಅವಮಾನವಾಗಿದ್ದ ಕಾಲದ ನೆನಪನ್ನು ಈ ಹೆಸರು ಹೊತ್ತುಕೊಂಡಿದೆ.

ಇಂತಹ ಬಡಾವಣೆಗಳ ಬೀದಿಗಳಲ್ಲಿ ನಡೆದರೆ ‘ಕಾಟನ್ ಮ್ಯಾಟ್ರೆಸ್’ ಎಂದು ಬರೆದ ಫಲಕಗಳು ಕಾಣುತ್ತವೆ. ಒಳಗೆ ಗಾದಿ, ದಿಂಬು, ರಜಾಯಿ ಹೊಲಿಯುವ ಕೆಲಸ. ಇಂಗ್ಲಿಷಿನ ಎರಡು ಪದಗಳೆಂದು ನಾವು ಓದುತ್ತೇವೆ. ಕಾಟನ್ ಅರಬಿಯದೆಂದು ನೋಡಿದೆವು. ಮ್ಯಾಟ್ರೆಸ್ ಕೂಡ ಅರಬಿಯದೇ. ‘ಮತ್ರಹ್’ ಎಂದರೆ ಏನನ್ನಾದರೂ ಹಾಸಿ ಹಾಕುವ ಜಾಗ. ನೆಲದ ಮೇಲೆ ಮೆತ್ತೆ ಹಾಸಿ ಒರಗುವ ಅರಬರ ಪದ್ಧತಿಯನ್ನು ಇಟಲಿಯವರು ಕಲಿತರು. ಪದವನ್ನೂ ಒಯ್ದರು. ಸೋಫಾ ಎಂಬುದೂ ಅದೇ ದಾರಿಯಲ್ಲಿ ಹೋದ ಪದ. ಅದರ ಮೂಲ ‘ಸುಫ್ಫಾ’. ಮಸ್ಜಿದುನ್ನಬವಿಯ ಜಗಲಿಯಲ್ಲಿದ್ದ ಸುಫ್ಫಾದವರ ಬಗ್ಗೆ ನಮ್ಮ ಮಕ್ಕಳೂ ಓದಿರುತ್ತಾರೆ. ಅಲ್ಲಿ ಹಸಿವಿನಲ್ಲೂ ವಿದ್ಯೆ ಕಲಿತವರು ಕುಳಿತಿದ್ದ ಜಗಲಿಯ ಹೆಸರು ಇಂದು ಶ್ರೀಮಂತರ ದಿವಾನಖಾನೆಯಲ್ಲಿದೆ!

ಈ ಗಾದಿ ಅಂಗಡಿಗಳಲ್ಲಿ ಕೆಲಸ ಮಾಡುವವರು ಬಹುಪಾಲು ಪಿಂಜಾರರು. ಇವರನ್ನೇ ನದಾಫ್ ಎಂದೂ ಕರೆಯುತ್ತಾರೆ. ಉತ್ತರ ಕರ್ನಾಟಕದುದ್ದಕ್ಕೂ, ಹಳ್ಳಿ ಹಳ್ಳಿಯಲ್ಲಿ ಇವರ ಮನೆಗಳಿವೆ. ಇವರಲ್ಲಿ ಅನೇಕರ ಮನೆಮಾತು ಅಚ್ಚ ಕನ್ನಡ. ಆಂಧ್ರದ ಗಡಿಯತ್ತ ಹೋದರೆ ಇದೇ ಕಸುಬಿನವರು ದೂದೇಕುಲರು, ಅವರ ಮನೆಮಾತು ತೆಲುಗು. ಮೂರು ಹೆಸರುಗಳೂ ಒಂದೇ ಕೆಲಸವನ್ನು ಹೇಳುತ್ತವೆ. ಅರಬಿಯಲ್ಲಿ ‘ನದ್ದಾಫ್’ ಎಂದರೆ ಹತ್ತಿ ಹಿಂಜುವವನು. ಕನ್ನಡದಲ್ಲಿ ಇಂದು ‘ಹಿಂಜು’ ಎನ್ನುವುದಕ್ಕೆ ಹಳೆಯ ರೂಪ ‘ಪಿಂಜು’. ಹಾಲು ಹಿಂದೆ ಪಾಲು ಆಗಿತ್ತು, ಹೂವು ಪೂವು ಆಗಿತ್ತು, ಹಾಗೆಯೇ ಇದು. ತೆಲುಗಿನಲ್ಲಿ ದೂದಿ ಎಂದರೆ ಹತ್ತಿ, ಏಕು ಎಂದರೆ ಹಿಂಜುವುದು.

ಹಿಂಜುವುದೆಂದರೆ ಏನೆಂದು ಇಂದಿನ ಮಕ್ಕಳಿಗೆ ತಿಳಿಯದು. ದೊಡ್ಡದೊಂದು ಬಿಲ್ಲು. ಅದಕ್ಕೆ ಬಿಗಿದ ನರದ ತಂತಿ. ಗಂಟುಗಟ್ಟಿದ ಹತ್ತಿಯ ರಾಶಿಯ ಮೇಲೆ ಆ ತಂತಿಯನ್ನು ತಾಗಿಸಿ ಮರದ ಕೊಡತಿಯಿಂದ ಬಡಿದರೆ ಟಂಯ್ ಟಂಯ್ ಎಂಬ ನಾದ. ತಂತಿ ಅದುರಿದಂತೆ ಹತ್ತಿಯ ಎಳೆ ಎಳೆ ಬಿಡಿಸಿಕೊಂಡು ಮೋಡದಂತೆ ಮೇಲೇಳುತ್ತದೆ. ಕಸ ಕೆಳಗೆ ಉದುರುತ್ತದೆ. ನಮ್ಮ ಬಾಲ್ಯದಲ್ಲಿ ಬಿಲ್ಲನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗುವ ಪಿಂಜಾರರ ಕೂಗು ಬೆಳಗಿನ ಸದ್ದುಗಳಲ್ಲೊಂದು. ಗಂಡಸರು ಹಿಂಜಿದರೆ ಹೆಂಗಸರು ಖೋಳು ಹೊಲಿದು, ಉದ್ದನೆಯ ಸೂಜಿಯಿಂದ ಗಾದಿಗೆ ಟಾಕೆ ಹಾಕುತ್ತಿದ್ದರು. ನಂತರ ಹಿಂಜುವ ಯಂತ್ರ ಬಂತು. ಆ ಮೇಲೆ ಫೋಮ್ ಮತ್ತು ಸ್ಪ್ರಿಂಗ್ ಗಾದಿಗಳು ಬಂದವು. ಬಿಲ್ಲು ಅಟ್ಟ ಸೇರಿತು. ಹತ್ತಿಯ ಧೂಳು ಎದೆಗಿಳಿದು ಕೆಮ್ಮುತ್ತಿದ್ದ ಅಜ್ಜಂದಿರನ್ನು ನೆನೆದರೆ, ಯಂತ್ರ ಬಂದದ್ದು ಕೆಟ್ಟದ್ದೆಂದು ಹೇಳಲು ಮನಸ್ಸಾಗುವುದಿಲ್ಲ. ಆದರೆ ಕಸುಬು ಹೋದ ಮನೆಗಳಿಗೆ ಬೇರೆ ದಾರಿ ತೋರಿಸಿದವರೂ ಕಡಿಮೆ.

ಹೆಸರಿನ ನಾಚಿಕೆ

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಶಾಲೆಗೆ ಬಂದರು. ಮಗಳು ಒಂಬತ್ತನೇ ತರಗತಿ. ಹತ್ತನೆಯ ಪರೀಕ್ಷೆಗೆ ಹೆಸರು ಹೋಗುವ ಮೊದಲು ಮಗಳ ಹೆಸರಿನ ಹಿಂದಿರುವ ‘ಪಿಂಜಾರ್’ ತೆಗೆಯಬೇಕು ಎಂಬುದು ಅವರ ಕೋರಿಕೆ. ಕಾರಣ ಕೇಳಿದೆ. ಮೊದಲು ಏನೂ ಹೇಳಲಿಲ್ಲ. ಆಮೇಲೆ ತಲೆ ತಗ್ಗಿಸಿ, ‘ಟೀಚರ್, ಹುಡುಗೀರು ನಗ್ತಾರಂತೆ. ನಾಳೆ ಸಂಬಂಧ ಬಂದ್ರೂ ಹೆಸರು ಕೇಳಿ ಹಿಂದಕ್ಕೆ ಹೋಗ್ತಾರೆ’ ಎಂದರು.

ನಾನು ನನಗೆ ತಿಳಿದದ್ದನ್ನು ಹೇಳಿದೆ. ಬಸ್ರಾದ ಮಹಾ ಹದೀಸ್ ವಿದ್ವಾಂಸ, ಹಿಜರಿ 198ರಲ್ಲಿ ತೀರಿಕೊಂಡ ಯಹ್ಯಾ ಬಿನ್ ಸಈದ್‌ರವರ ಹೆಸರಿನ ಕೊನೆಗೆ ‘ಅಲ್ ಕತ್ತಾನ್’ ಎಂದಿದೆ. ಕತ್ತಾನ್ ಎಂದರೆ ಹತ್ತಿಯ ವ್ಯಾಪಾರಿ. ಇಮಾಮ್ ಅಬೂ ಹನೀಫಾರವರು ಕೂಫಾದಲ್ಲಿ ರೇಶ್ಮೆ ಬಟ್ಟೆಯ ವರ್ತಕರಾಗಿದ್ದರು. ಹಝ್ರತ್ ಅಬೂಬಕ್ಕರ್(ರ) ಬಟ್ಟೆ ಮಾರುತ್ತಿದ್ದರು. ‘ಬಝ್ಝಾಝ್’ ಎಂದರೆ ಬಟ್ಟೆಯವನು, ‘ಖಯ್ಯಾತ್’ ಎಂದರೆ ದರ್ಜಿ, ‘ಹಲ್ಲಾಜ್’ ಎಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವವನು. ಇಂತಹ ಹೆಸರುಗಳನ್ನು ಗ್ರಂಥಗಳ ಮುಖಪುಟದಲ್ಲಿ ಹೊತ್ತವರು ಎಷ್ಟೋ ಮಂದಿ. ಜೆರುಸಲೇಮಿನ ಮಸ್ಜಿದುಲ್ ಅಕ್ಸಾದ ಆವರಣಕ್ಕೆ ಪ್ರವೇಶ ನೀಡುವ ಬಾಗಿಲುಗಳಲ್ಲೊಂದರ ಹೆಸರು ‘ಬಾಬುಲ್ ಕತ್ತಾನೀನ್’, ಅಂದರೆ ಹತ್ತಿ ವರ್ತಕರ ಬಾಗಿಲು. ಅದಕ್ಕೆ ಹೊಂದಿಕೊಂಡ ಹತ್ತಿಯ ಮಾರುಕಟ್ಟೆಯನ್ನು ಮಮ್ಲೂಕರ ಕಾಲದಲ್ಲಿ, 1336ರ ಹೊತ್ತಿಗೆ ಕಟ್ಟಲಾಯಿತು. ಆ ಪವಿತ್ರ ಆವರಣದ ಬಾಗಿಲಿಗೆ ಹತ್ತಿಯವರ ಹೆಸರಿಡಲು ಆ ಜನ ನಾಚಲಿಲ್ಲ.

ಆ ತಾಯಿ ಎಲ್ಲವನ್ನೂ ಕೇಳಿದರು. ಕೊನೆಗೆ ಹೇಳಿದ್ದು ಇಷ್ಟೇ. ‘ಕಿತಾಬಿನ ಮಾತು ಚೆಂದ ಐತಿ ಟೀಚರ್. ಆದ್ರೆ ನನ್ನ ಮಗಳು ಕಿತಾಬಿನೊಳಗ ಬಾಳ್ವೆ ಮಾಡಂಗಿಲ್ಲ.’ ಹೆಸರು ಬದಲಾಯಿತು. ಅದು ಅವರ ಹಕ್ಕು. ಆದರೆ ನಗುವವರು ಯಾರು? ಬೇರೆಯವರಲ್ಲ, ನಮ್ಮದೇ ಸಮುದಾಯದ ಮಕ್ಕಳು. ಸಂಬಂಧ ಹಿಂದಕ್ಕೆ ಒಯ್ಯುವವರೂ ನಾವೇ. ಸಮಾನತೆಯ ಭಾಷಣವನ್ನು ಶುಕ್ರವಾರ ಕೇಳಿ, ಶನಿವಾರ ವಧುವಿನ ತಂದೆಯ ಕಸುಬು ವಿಚಾರಿಸುವವರು ನಾವು. ‘ಕಾಟನ್’ ಎಂದು ಹೆಮ್ಮೆಯಿಂದ ಕೇಳಿ ಉಡುತ್ತೇವೆ. ಆ ಕಾಟನ್ ಹಿಂಜಿದವನ ಹೆಸರು ಮಾತ್ರ ನಮಗೆ ಕೀಳು.

ಕುರುಗೋಡಿನ ಎರೆ ಹೊಲ

ಹತ್ತಿಯ ಹೆಸರಿನ ಗುಂಗು ತಲೆಯಲ್ಲಿದ್ದುದರಿಂದ, ಹತ್ತಿಯನ್ನೇ ನೋಡಿ ಬರೋಣವೆಂದು ಡಿಸೆಂಬರಿನ ಒಂದು ದಿನ ಆಪಾ ಜೊತೆ ಬಸ್ ಹತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂತಹ ಹೆಂಗಸರಿಗೆ ಟಿಕೆಟಿನ ಚಿಂತೆಯಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಶೂನ್ಯ ಟಿಕೆಟ್. ಬಸ್ಸಿನ ತುಂಬ ಬುತ್ತಿ ಗಂಟು ಹಿಡಿದ ಕೂಲಿಯ ಹೆಂಗಸರು.

ಊರು ದಾಟುತ್ತಿದ್ದಂತೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಹೋಗಿ ಕಪ್ಪು. ಇದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಕಾಲು ಕಿತ್ತಿಡಲಾರದಷ್ಟು ಅಂಟುತ್ತದೆ. ಈ ಮಣ್ಣು ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದರಿಂದ ಮಳೆ ನಿಂತ ಮೇಲೂ ಹತ್ತಿ ಬದುಕುತ್ತದೆ. ಬಳ್ಳಾರಿ ಮದ್ರಾಸು ಪ್ರಾಂತದಲ್ಲಿದ್ದಾಗ ಇಲ್ಲಿಯ ಹತ್ತಿಗೆ ಇಂಗ್ಲಿಷ್ ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂದು ಹೆಸರಿಟ್ಟಿದ್ದರು. ಮದ್ರಾಸಿನಲ್ಲಿ ಕುಳಿತು ನೋಡಿದವರಿಗೆ ಇದು ಪಶ್ಚಿಮದ ಹತ್ತಿ. ಬೆಳೆದವರನ್ನು ಯಾರೂ ಕೇಳಿರಲಿಲ್ಲ. ಬಳ್ಳಾರಿಗೆ ಸಮೀಪದ ಹಗರಿಯಲ್ಲಿ 1906ರಲ್ಲೇ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು. ಈ ನಾಡ ಹತ್ತಿಯಿಂದಲೇ ಆಯ್ದು ಅಭಿವೃದ್ಧಿಪಡಿಸಿದ ತಳಿಗೆ ಹಗರಿ-1 ಎಂದು ಹೆಸರಾಯಿತು.

ಕುರುಗೋಡು ಕಲ್ಲುಗುಡ್ಡಗಳ ಮಡಿಲಲ್ಲಿರುವ ಹಳೆಯ ಊರು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದ ಅರಸರು 12ನೇ ಶತಮಾನದಲ್ಲಿ ಇಲ್ಲಿಂದ ಆಳಿದರು. ಊರಿನ ದೊಡ್ಡ ಬಸವೇಶ್ವರ ದೇವಾಲಯದಲ್ಲಿ ಏಕಶಿಲೆಯ ಭಾರೀ ನಂದಿಯಿದೆ. ಇಂದು ಇದು ತಾಲೂಕು ಕೇಂದ್ರ. ಊರ ಹೊರಗೆ ಮೆಣಸಿನಕಾಯಿಯ ಕೆಂಪು ಒಂದು ಕಡೆ, ಹತ್ತಿಯ ಬಿಳುಪು ಇನ್ನೊಂದು ಕಡೆ.

ಹೊಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು. ಇಬ್ಬನಿ ಆರಿದ ಮೇಲೆಯೇ ಕೆಲಸ ಶುರು. ಒದ್ದೆ ಹತ್ತಿ ಬಣ್ಣ ಕೆಡುತ್ತದೆ. ಪೂರ್ತಿ ಅರಳಿದ ಕಾಯಿಯನ್ನು ಕೆಳಗಿನ ಕೊಂಬೆಯಿಂದ ಆರಂಭಿಸಿ ಮೇಲಕ್ಕೆ ಬಿಡಿಸಬೇಕು. ಮೇಲಿನಿಂದ ಬಿಡಿಸಿದರೆ ಒಣಗಿದ ಎಲೆಯ ಪುಡಿ ಕೆಳಗಿನ ಹತ್ತಿಯ ಮೇಲೆ ಉದುರುತ್ತದೆ. ಸೊಂಟಕ್ಕೆ ಹಳೆಯ ಸೀರೆಯ ಉಡಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಬಿಸಿಲಿಗೆಂದು ಕಟ್ಟಿದ್ದೆಂದು ನಾವು ಭಾವಿಸಿದೆವು. ಅಷ್ಟೇ ಅಲ್ಲ. ಹತ್ತಿಯಲ್ಲಿ ತಲೆಗೂದಲು ಸೇರಿದರೆ ನೂಲಿನಲ್ಲಿ ದೋಷ ಬರುತ್ತದೆ, ಆದ್ದರಿಂದ ತಲೆಗೆ ಹತ್ತಿಯ ಬಟ್ಟೆ ಕಟ್ಟಿಯೇ ಬಿಡಿಸಬೇಕೆಂದು ತಜ್ಞರೂ ಹೇಳುತ್ತಾರೆ.

ಸೀಳಿದ ಕಾಯಿಯ ತುದಿಗಳು ಮುಳ್ಳಿನಷ್ಟೇ ಚೂಪು. ಒಬ್ಬಾಕೆ ಬೆರಳು ತೋರಿಸಿದಳು. ಉಗುರಿನ ಬುಡದಲ್ಲಿ ಗೀರು ಗೀರು. ಕೂಲಿ ದಿನದ ಲೆಕ್ಕವಲ್ಲ, ಕಿಲೋ ಲೆಕ್ಕ. ಹತ್ತಿಯಷ್ಟು ಹಗುರವಾದದ್ದನ್ನು ತೂಕದ ಲೆಕ್ಕದಲ್ಲಿ ಬಿಡಿಸುವುದೆಂದರೆ ಎಷ್ಟು ಬಾರಿ ಕೈ ಚಾಚಬೇಕೆಂದು ನೀವೇ ಊಹಿಸಿ. ‘ಇದಕ್ಕೆ ನೀವು ಏನಂತೀರಿ?’ ಎಂದು ಕೇಳಿದೆ. ಆಕೆ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿ, ‘ಹತ್ತಿ ಅಂತೀವಿ, ಮತ್ತೇನಂತಾರ?’ ಎಂದಳು.

ನಿಜ. ಹತ್ತಿ ಎಂಬುದು ಯಾರಿಂದಲೂ ಎರವಲು ತಂದ ಪದವಲ್ಲ. ಹಳೆಗನ್ನಡದಲ್ಲಿ ‘ಪರ್ತಿ’, ‘ಪತ್ತಿ’. ತಮಿಳರಿಗೆ ‘ಪರುತ್ತಿ’, ತೆಲುಗರಿಗೆ ‘ಪತ್ತಿ’. ದ್ರಾವಿಡ ಭಾಷೆಗಳೆಲ್ಲ ಹಂಚಿಕೊಂಡ ಪದವೆಂದರೆ, ಈ ಮಣ್ಣಿನವರಿಗೆ ಹತ್ತಿಯ ಪರಿಚಯ ಎಷ್ಟು ಹಳೆಯದೆಂದು ತಿಳಿಯುತ್ತದೆ. ಆದರೆ ಇಂದು ಆ ಹೊಲದಲ್ಲಿರುವ ಗಿಡ ನಮ್ಮ ಹಳೆಯ ಗಿಡವಲ್ಲ. ಅದರ ಮೂಲ ಮೆಕ್ಸಿಕೋ ಕಡೆಯ ಅಮೆರಿಕನ್ ಹತ್ತಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ಬಿಡುಗಡೆ ಮಾಡಿದಾಗ ಉದ್ದ ಎಳೆಯ ಹತ್ತಿ ನಮ್ಮ ಹೊಲಗಳಿಗೆ ಬಂತು. 2002ರಲ್ಲಿ ಬಿಟಿ ಹತ್ತಿಗೆ ಸರಕಾರ ಅನುಮತಿ ನೀಡಿತು. ಇಳುವರಿ ಏರಿತು, ಕಾಯಿಕೊರಕದ ಔಷಧಿ ಕಡಿಮೆಯಾಯಿತು. ಕೆಲವು ವರ್ಷಗಳ ನಂತರ ಗುಲಾಬಿ ಕಾಯಿಕೊರಕ ಅದನ್ನೂ ಜಯಿಸಿಕೊಂಡಿತು. ಬೀಜವನ್ನು ಪ್ರತಿ ವರ್ಷ ಕೊಳ್ಳಲೇಬೇಕು.

ಹೈಬ್ರಿಡ್ ಬೀಜ ತಯಾರಾಗುವ ಬಗೆಯನ್ನೂ ತಾಯಂದಿರು ತಿಳಿದಿರಬೇಕು. ಒಂದೊಂದು ಹೂವಿನ ಕೇಸರವನ್ನೂ ಸಂಜೆ ಕೈಯಿಂದ ಬಿಡಿಸಿ ತೆಗೆದು, ಮರುದಿನ ಬೆಳಗ್ಗೆ ಬೇರೊಂದು ಹೂವಿನ ಪರಾಗವನ್ನು ಕೈಯಿಂದಲೇ ಸವರಬೇಕು. ಸಣ್ಣ ಬೆರಳುಗಳಿಗೆ ಇದು ಸುಲಭ, ಸಣ್ಣವರಿಗೆ ಕೂಲಿಯೂ ಕಡಿಮೆ ಎಂಬ ಲೆಕ್ಕದಲ್ಲಿ ಆಂಧ್ರ, ಕರ್ನಾಟಕಗಳ ಬೀಜದ ಹೊಲಗಳಿಗೆ ಹೆಣ್ಣುಮಕ್ಕಳನ್ನು ಕರೆದೊಯ್ಯಲಾಗುತ್ತಿತ್ತು. ಕಾನೂನು ಬಿಗಿಯಾಗಿದೆ. ಆದರೂ ಹತ್ತಿ ಅರಳುವ ತಿಂಗಳುಗಳಲ್ಲಿ ಹಾಜರಿ ಪುಸ್ತಕ ತೆರೆದ ಶಿಕ್ಷಕರಿಗೆ ಗೊತ್ತು. ಹುಡುಗರ ಸಾಲಿಗಿಂತ ಹುಡುಗಿಯರ ಸಾಲಿನಲ್ಲಿ ‘ಗೈ’ ಹೆಚ್ಚು. ತಾಯಿ ಹೊಲಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಮಗಳು ಮನೆಯಲ್ಲಿ. ಇಲ್ಲವೇ ತಾಯಿಯ ಪಕ್ಕದ ಸಾಲಿನಲ್ಲಿ. ಆ ದಿನ ನಾವು ಕಂಡ ಹೊಲದಲ್ಲೂ ಶಾಲೆಯ ನೀಲಿ ಲಂಗದ ಒಬ್ಬಳಿದ್ದಳು. ‘ಇವತ್ತೊಂದಿನ’ ಎಂದು ಅವಳ ತಾಯಿ ನಾವು ಕೇಳುವ ಮೊದಲೇ ಹೇಳಿದಳು.

ಸಿರಿಯ ಗುಪ್ಪೆ

ಕುರುಗೋಡಿನಿಂದ ಹೊರಟು ಸಿರುಗುಪ್ಪ ರಸ್ತೆ ಸೇರಿ, ತೆಕ್ಕಲಕೋಟೆ ದಾಟಿದರೆ ನೋಟವೇ ಬೇರೆ. ಕಪ್ಪು ನೆಲದ ಮೇಲೆ ಹಸಿರು ಹಾಸಿದಂತೆ ಭತ್ತದ ಗದ್ದೆಗಳು. ಸಿರುಗುಪ್ಪ ಎಂಬ ಹೆಸರಿಗೇ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ ಎಂಬ ಅರ್ಥ ಹೇಳುತ್ತಾರೆ. ತುಂಗಭದ್ರೆಯ ದಡದ ಈ ಊರಿಗೆ ವಿಜಯನಗರ ಕಾಲದಿಂದಲೂ ಕಾಲುವೆಯ ನೀರಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ತಾಲೂಕಿನ ಬಹುಭಾಗ ಅಕ್ಕಿಯ ನಾಡಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿಯ ಮನೆಗಳಲ್ಲಿ ಒಲೆ ಹೊತ್ತಿಸುವ ಮನಸ್ಸೂ ಇರಲಿಲ್ಲ ಎಂದು ನಮ್ಮ ನೆಂಟರು ನೆನೆಯುತ್ತಾರೆ.

ಕಾಲುವೆ ಮುಟ್ಟದ ಹೊಲಗಳಲ್ಲಿ ಮಾತ್ರ ಇಂದಿಗೂ ಹತ್ತಿ. ಇಲ್ಲಿಯ ಹತ್ತಿ ಬಳ್ಳಾರಿಗೂ ಹೋಗುತ್ತದೆ, ಗಡಿಯಾಚೆಯ ಆದೋನಿಯ ದೊಡ್ಡ ಮಾರುಕಟ್ಟೆಗೂ ಹೋಗುತ್ತದೆ. 1953ರ ಅಕ್ಟೋಬರ್ 1ರವರೆಗೆ ಆದೋನಿಯೂ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದವು. ಗಡಿ ಎಳೆದರೂ ಹತ್ತಿಯ ಗಾಡಿ ನಿಲ್ಲಲಿಲ್ಲ. ಈ ಕಡೆ ಹತ್ತಿ, ಆ ಕಡೆ ಪತ್ತಿ. ಒಂದೇ ಪದದ ಎರಡು ಉಚ್ಚಾರ.

ಜಿನ್ನಿಂಗ್ ಮಿಲ್ಲಿನ ಹೊರಗೆ ನಿಂತು ಹತ್ತಿ ತುಂಬಿದ ಟ್ರ್ಯಾಕ್ಟರುಗಳನ್ನು ನೋಡಿದೆವು. ಚಿಕ್ಕವರಿದ್ದಾಗ ಈ ಹೆಸರು ಕೇಳಿ, ಒಳಗೆ ಜಿನ್ನುಗಳು ಕೆಲಸ ಮಾಡುತ್ತವೆಂದು ಹೆದರುತ್ತಿದ್ದೆವು ಎಂದು ಆಪಾ ನಕ್ಕಳು. ಇದು ಎಂಜಿನ್ ಎಂಬ ಪದದ ಬಾಲ ಮಾತ್ರ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರ. ಅರಬಿಯ ಹಲ್ಲಾಜ್ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇದು ಮಾಡುತ್ತದೆ. ಹೊಲದಿಂದ ಬಂದ ಹತ್ತಿಯಲ್ಲಿ ಮೂರನೆಯ ಒಂದು ಪಾಲಷ್ಟೇ ಅರಳೆ. ಉಳಿದದ್ದು ಬಹುತೇಕ ಬೀಜ. ಬೀಜದಿಂದ ಎಣ್ಣೆ, ಹಿಂಡಿಯಿಂದ ಎಮ್ಮೆಗೆ ಮೇವು. ಅರಳೆಯನ್ನು ಒತ್ತಿ 170 ಕಿಲೋ ತೂಕದ ಬೇಲುಗಳಾಗಿ ಕಟ್ಟುತ್ತಾರೆ. ದರ ಹೇಳುವಾಗ ವ್ಯಾಪಾರಿಗಳು ‘ಕ್ಯಾಂಡಿ’ ಎನ್ನುತ್ತಾರೆ. ಒಂದು ಕ್ಯಾಂಡಿ ಎಂದರೆ 356 ಕಿಲೋ. ಇದೂ ಇಂಗ್ಲಿಷಿನಂತೆ ಕೇಳಿಸುತ್ತದೆ. ಆದರೆ ಮರಾಠಿಯ ‘ಖಂಡಿ’, ತಮಿಳಿನ ‘ಕಂಡಿ’ ಎಂಬ ಅಳತೆಯನ್ನೇ ಇಂಗ್ಲಿಷರು ಹಾಗೆ ಬರೆದುಕೊಂಡರು.

2025-26ರ ಹಂಗಾಮಿಗೆ ಕೇಂದ್ರ ಸರಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ ಮಧ್ಯಮ ಎಳೆಯ ಹತ್ತಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ. ರೈತನಿಗೆ ಅದು ಸಿಕ್ಕಿದರೆ ಸಾಲ ತೀರೀತು. ಹತ್ತಿ ಬಿಡಿಸಿದ ಹೆಂಗಸಿನ ಕಿಲೋ ಲೆಕ್ಕಕ್ಕೆ ಮಾತ್ರ ಯಾರೂ ಬೆಂಬಲ ಬೆಲೆ ಘೋಷಿಸುವುದಿಲ್ಲ.

ಮರಳಿ ಬಂದ ಬಟ್ಟೆ

ಇಲ್ಲಿಂದ ಬೇಲುಗಳಾಗಿ ಹೊರಟ ಹತ್ತಿ ದೂರದ ಗಿರಣಿಗಳಲ್ಲಿ ನೂಲಾಗಿ, ಬಟ್ಟೆಯಾಗುತ್ತದೆ. ಬಳ್ಳಾರಿ ಜೀನ್ಸ್ ಎಂದರೆ ದೇಶಕ್ಕೆಲ್ಲ ಗೊತ್ತು. ಅದರ ಡೆನಿಮ್ ಬಟ್ಟೆ ಬರುವುದು ಅಹಮದಾಬಾದಿನಂತಹ ದೂರದ ಊರುಗಳಿಂದ. ಹೊರಟಾಗ ಹತ್ತಿ, ಮರಳಿದಾಗ ಡೆನಿಮ್. ಜೀನ್ಸ್ ಎಂಬ ಪದ ಇಟಲಿಯ ಜಿನೋವಾ ಬಂದರಿನ ಫ್ರೆಂಚ್ ಹೆಸರಿನಿಂದ ಬಂದದ್ದು. ಡೆನಿಮ್ ಎಂದರೆ ಫ್ರಾನ್ಸಿನ ‘ನೀಮ್ ಊರಿನದು’ ಎಂದರ್ಥ. ಇಂಗ್ಲಿಷಿನಲ್ಲಿ ಡಂಗರಿ ಎಂಬ ಒರಟು ಬಟ್ಟೆಯ ಹೆಸರು ನಮ್ಮ ಮುಂಬಯಿಯ ಡೋಂಗ್ರಿಯದು. ನೇಯ್ದ ಊರುಗಳ ಹೆಸರು ಹೀಗೆ ಬಟ್ಟೆಯ ಮೇಲೆ ಉಳಿದಿದೆ.

ಬಳ್ಳಾರಿಯ ಗಲ್ಲಿಗಳಲ್ಲಿ ಸಂಜೆ ನಡೆದರೆ ಮನೆಯ ಹೊಸ್ತಿಲಲ್ಲಿ ಜೀನ್ಸಿನ ರಾಶಿ ಹಾಕಿಕೊಂಡು ದಾರ ಕತ್ತರಿಸುವ ಹೆಣ್ಣುಮಕ್ಕಳು ಕಾಣುತ್ತಾರೆ. ಒಂದು ಪ್ಯಾಂಟಿಗೆ ಇಷ್ಟು ಎಂದು ಕೂಲಿ. ತಾಯಿ, ಸೊಸೆ, ಶಾಲೆಯಿಂದ ಬಂದ ಮಗಳು, ಎಲ್ಲರ ಕೈಯಲ್ಲೂ ಸಣ್ಣ ಕತ್ತರಿ. ಇವರು ಪರ್ದಾ ಬಿಟ್ಟು ಹೊರಬರದೆ ದುಡಿಯುತ್ತಾರೆಂದು ಮನೆಯವರಿಗೆ ಸಮಾಧಾನ. ಆದರೆ ಮನೆಯೊಳಗೆ ದುಡಿದವರ ಹೆಸರು ಯಾವ ಕಾರ್ಖಾನೆಯ ಪುಸ್ತಕದಲ್ಲೂ ಇರುವುದಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆಯೂ ಇಲ್ಲ. ಕತ್ತು ನೋವು, ಕಣ್ಣು ನೋವುಗಳನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಆ ಪ್ಯಾಂಟಿನ ಒಳಗೆ ಒಂದು ಸಣ್ಣ ಚೀಟಿ ಹೊಲಿದಿರುತ್ತಾರೆ. ಅದರಲ್ಲಿ ‘ಕಾಟನ್’ ಎಂದು ಬರೆದಿರುತ್ತದೆ. ನೂರಕ್ಕೆ ಎಷ್ಟು ಪಾಲೆಂದೂ ಬರೆದಿರುತ್ತದೆ. ಇಷ್ಟು ದೂರ ಬಂದ ಮೇಲೆ ಆ ಒಂದು ಪದದಲ್ಲಿ ಎಷ್ಟು ಜನರಿದ್ದಾರೆಂದು ನಮಗೆ ತಿಳಿಯಿತು. ಅದನ್ನು ಕುತ್‌ನ್ ಎಂದ ಅರಬ್ ವರ್ತಕರು, ನಾಚದೆ ಕತ್ತಾನ್ ಎಂದು ಕರೆಸಿಕೊಂಡ ವಿದ್ವಾಂಸರು, ಬಿಲ್ಲು ಹೊತ್ತ ನದಾಫರು, ಬೆರಳು ಗೀರಿಸಿಕೊಂಡ ಕುರುಗೋಡಿನ ಹೆಂಗಸರು.

ಪದಗಳ ಮೂಲ ತಿಳಿದರೆ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬ ನಮ್ಮ ಲೆಕ್ಕ ಸ್ವಲ್ಪ ಸರಿಯಾಗುತ್ತದೆ. ಇಂಗ್ಲಿಷ್ ಪದ ದೊಡ್ಡದು, ಪಿಂಜಾರನ ಹೆಸರು ಸಣ್ಣದು ಎಂದು ಮಕ್ಕಳಿಗೆ ಕಲಿಸಿದವರು ಯಾರು? ಶಾಲೆಗಿಂತ ಮೊದಲು ಅದನ್ನು ಕಲಿಸುವುದು ಅಡುಗೆಮನೆಯ ಮಾತು, ಮದುವೆ ಮನೆಯ ಪಿಸುಮಾತು. ಅದನ್ನು ತಿದ್ದುವ ಅಧಿಕಾರವೂ ಅಲ್ಲಿಯ ತಾಯಂದಿರಿಗೇ ಇದೆ. ಮುಂದಿನ ಸಲ ಮಗನಿಗೆ ಸಂಬಂಧ ನೋಡುವಾಗ, ಹುಡುಗಿಯ ಹೆಸರಿನ ಹಿಂದೆ ನದಾಫ್ ಎಂದೋ ಪಿಂಜಾರ್ ಎಂದೋ ಇದ್ದರೆ, ಹುಡುಗಿ ಎಷ್ಟು ಓದಿದ್ದಾಳೆ, ಸ್ವಭಾವ ಹೇಗಿದೆ ಎಂದು ಕೇಳಿ ಮುಂದುವರಿಯಿರಿ. ದಾರ ಕತ್ತರಿಸುವ ಹೆಣ್ಣುಮಗಳು ಸರಕಾರದ ಇ-ಶ್ರಮ್ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ್ದಾಳೆಯೇ ಎಂದು ವಿಚಾರಿಸಿ. ಹತ್ತಿಯ ತಿಂಗಳುಗಳಲ್ಲಿ ನಿಮ್ಮ ಓಣಿಯ ಯಾವ ಹುಡುಗಿ ಶಾಲೆಗೆ ಹೋಗುತ್ತಿಲ್ಲ ಎಂದು ನೋಡಿ, ಅವಳ ತಾಯಿಯೊಡನೆ ಒಮ್ಮೆ ಮಾತನಾಡಿ. ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರಲು ಯಾರಾದರೂ ಒಪ್ಪಿದರೆ, ಎಷ್ಟೋ ಸಲ ಅಷ್ಟರಿಂದಲೇ ಅಕ್ಕನ ಹಾಜರಿ ಉಳಿಯುತ್ತದೆ.